ಅಣ್ಣನ ಬಿಸ್ಕತ್ತಿನ ಡಬ್ಬಿ

ಬಿಸ್ಕತ್ತಿನ ಡಬ್ಬಿಯಲ್ಲಿ ಬಿಸ್ಕತ್ತೇ ಇದ್ದದ್ದನ್ನು ನೀವು ಎಂದಾದರೂ ಕಂಡಿದ್ದರೆ, ನಿಮ್ಮ ಮನೆತನ ನಮ್ಮದಕ್ಕಿಂತ ಶಿಸ್ತಿನದು. ತೊಂಬತ್ತರ ದಶಕದ ನಡುವಿನಲ್ಲಿ, ಸೇಲಂನ ನಮ್ಮ ಅಣ್ಣನ ಮನೆಯ ಡಬ್ಬಿಯಲ್ಲಿ ಇದ್ದದ್ದು ಅವನ ಹೃದಯದ ಕಾಯಿಲೆಯ ಮಾತ್ರೆಗಳು. ಅವುಗಳ ಸರ್ವಾಧಿಕಾರಿ ನಾನು. ಅಣ್ಣ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ರೇಷ್ಮೆ ಪಂಚೆ ನೇಯುವವನು, ನಾನು ಮೆಟ್ಟೂರಿನ ಕಚೇರಿಯೊಂದರಲ್ಲಿ ಕಡತ ಸರಿಸುವವನು. ಹೀಗಾಗಿ ಹೃದಯ, ಮೂತ್ರಪಿಂಡ ಮುಂತಾದ ಗಹನ ವಿಷಯಗಳಲ್ಲಿ ಉಪದೇಶಿಸುವ ಅಧಿಕಾರ ಸಹಜವಾಗಿಯೇ ನನ್ನ ಪಾಲಿಗೆ ಬಂದಿತ್ತು.

ತಿಂಗಳಿಗೊಮ್ಮೆ ಭಾನುವಾರ ಬಸ್ಸಿಳಿದು, ಚೀಟಿಯಂತೆ ಮಾತ್ರೆ ಕೊಂಡು, ಡಬ್ಬಿಗೆ ತುಂಬಿ, ಅರ್ಧ ಗಂಟೆ ಆರೋಗ್ಯಪ್ರವಚನ ಮಾಡುತ್ತಿದ್ದೆ. ಅಣ್ಣ ತಲೆದೂಗುತ್ತಿದ್ದ. ಬರಬರುತ್ತ ಮುಚ್ಚಳ ಕೂರದಷ್ಟು ಡಬ್ಬಿ ತುಂಬಿಕೊಂಡಿತು. ಅದನ್ನು ನಾನು ನನ್ನ ಭ್ರಾತೃಪ್ರೇಮದ ಪ್ರತ್ಯಕ್ಷ ಪ್ರಮಾಣವೆಂದೇ ಭಾವಿಸಿದ್ದೆ. ಅಣ್ಣನ ಕಾಲಿನ ಬಾವು ಮಾತ್ರ ಇಳಿಯಲಿಲ್ಲ, ನಾಲ್ಕು ಹೆಜ್ಜೆಗೆ ಏದುಸಿರು. ಡಾಕ್ಟರು ಬಾವಿನ ಮಾತ್ರೆಯನ್ನು ಇಮ್ಮಡಿ ಮಾಡಿ ನೋಡಿದರು. ಕೊನೆಗೆ, ತಿಂಗಳೊಳಗೆ ಬಾವು ಇಳಿಯದಿದ್ದರೆ ಮಗ್ಗ ಬಿಟ್ಟು ಆಸ್ಪತ್ರೆ ಸೇರಬೇಕೆಂದರು. ಅಂದಿನಿಂದ ಅಣ್ಣನ ಮುಖ ನೋಡಲಾಗುತ್ತಿರಲಿಲ್ಲ. ನಾನು ಪ್ರವಚನವನ್ನು ಮುಕ್ಕಾಲು ಗಂಟೆಗೆ ಏರಿಸಿದೆ.

ಅಂಥದೊಂದು ಭಾನುವಾರ, ನಾನು ಮಾತ್ರೆ ಕೊಳ್ಳುತ್ತಿದ್ದ ಮೆಡಿಕಲ್ ಶಾಪಿನ ಫಾರ್ಮಸಿಸ್ಟ್ ಮಲ್ಲಿಕಾ ಮನೆಗೆ ಬಂದರು. ಬಹುದಿನದ ರೋಗಿಗಳು ಔಷಧ ಹೇಗೆ ತೆಗೆದುಕೊಳ್ಳುತ್ತಾರೆಂದು ಮನೆಗೇ ಹೋಗಿ ನೋಡುವುದು ಅವರ ರಜದ ದಿನದ ರೂಢಿ. ಸೀರೆ ಮಾರಿದವನು ನೆರಿಗೆ ಸರಿಯಾಗಿದೆಯೇ ಎಂದು ನೋಡಲು ಬಂದಂತಾಯಿತಲ್ಲ ಎಂದು ಒಳಗೊಳಗೇ ನಕ್ಕು, ನಾನು ಡಬ್ಬಿಯನ್ನು ಹೆಮ್ಮೆಯಿಂದ ಮುಂದಿಟ್ಟೆ. ಅವರು ಅದನ್ನು ಕೆದಕಿ ನೋಡಿ, ನನ್ನನ್ನು ಬಿಟ್ಟು ಅಣ್ಣನನ್ನು ಕೇಳಿದರು:

"ಬೇರೆ ಎಲ್ಲಾ ಕಾಲಿ ಆಗೈತೆ, ನೀರ್ ಮಾತ್ರೆ ಒಂದೇ ಇಷ್ಟು ಮಿಚ್ಚ ಐತಲ್ಲಣ್ಣಾ, ಯಾಕೆ?"

ಅಣ್ಣ ಮಗ್ಗದ ಕಡೆ ನೋಡಿದ. "ಅದು ನುಂಗುದ್ರೆ ಮೈನೀರೆಲ್ಲಾ ಇಳ್ದು ಗಳಿಗೆಗೊಂದ್ಸಲ ಒಂದಕ್ಕೆ ಎದ್ದೋಗ್ಬೇಕಮ್ಮಾ. ಗುಂಡಿಯಿಂದ ಅಷ್ಟು ಸಲ ಎದ್ರೆ ಕೈಯಿನ ಅಳತೆ ತಪ್ಪಿ ಬಟ್ಟೇಲಿ ಗೆರೆ ಬೀಳ್ತೈತೆ. ಅದಕ್ಕೇ ಅಮಾಸೆ ದಿನ ನುಂಗ್ತೀನಿ. ಅವತ್ತು ಮಗ್ಗಕ್ಕೆ ಲೀವು."

"ಡಾಕ್ಟರತ್ರ ಯಾಕೆ ಯೋಳ್ಲಿಲ್ಲ?"

"ಮಗ್ಗ ಬುಡು ಅಂದ್ಬುಡ್ತಾರೆ ಅಂತ ಬಯ."

ದಿನವಿಡೀ ದುಡಿಯುವ ಹೃದಯಕ್ಕೆ ಅಮಾವಾಸ್ಯೆಗೊಮ್ಮೆ ಔಷಧ. ನಾನು ಪ್ರವಚನಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಆ ಹೆಣ್ಣುಮಗಳು ಸೆರಗು ಸಿಕ್ಕಿಸಿಕೊಂಡು ಗುಂಡಿಗಿಳಿದು ಕೂತು, ಎದ್ದು ಬರುವುದು ಎಷ್ಟು ಕಷ್ಟವೆಂದು ತಾವೇ ಎದ್ದು ನೋಡಿದರು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ನಾನು ಆ ಗುಂಡಿಗೆ ಕಾಲಿಟ್ಟವನಲ್ಲ. ನನಗೆ ನಾಚಿಕೆಯಾಯಿತು.

ಮರುದಿನ ಅವರೇ ಅಣ್ಣನೊಂದಿಗೆ ಹೋಗಿ ಡಾಕ್ಟರಿಗೆ ಎಲ್ಲ ವಿವರಿಸಿದರು. ನೀರಿನ ಮಾತ್ರೆ ಮತ್ತೆ ಒಂದಕ್ಕಿಳಿಯಿತು. ನಸುಕಿಗೇ ಮಗ್ಗಕ್ಕೆ ಕೂರುವ ಅಣ್ಣ ಮಧ್ಯಾಹ್ನ ದಿನದ ನೇಯ್ಗೆ ಮುಗಿಸಿ ಗುಂಡಿಯಿಂದ ಎದ್ದ ಮೇಲೆ ದಿನವೂ ಅದನ್ನು ನುಂಗಬೇಕೆಂದಾಯಿತು. ತಿಂಗಳಲ್ಲಿ ಬಾವು ಇಳಿಯಿತು. ಮಗ್ಗ ಉಳಿಯಿತು. ನಿಂತದ್ದು ಪ್ರವಚನವೊಂದೇ, ಯಾರಿಗೂ ನಷ್ಟವಾಗಲಿಲ್ಲ.

ಡಬ್ಬಿಯ ಮುಚ್ಚಳ ಈಗ ಸಲೀಸಾಗಿ ಕೂರುತ್ತಿತ್ತು, ಒಳಗೆ ಜಾಗವೂ ಇತ್ತು. ಮುಂದಿನ ಸಲ ಒಂದು ಪೊಟ್ಟಣ ಬಿಸ್ಕತ್ತು ತಂದು ಅದರಲ್ಲಿಟ್ಟೆ. ಅಣ್ಣ ತೆರೆದು ನೋಡಿ, ಅಭ್ಯಾಸಬಲದಿಂದ ಕೇಳಿದ:

"ಇದನ್ನ ಯಾವಾಗ ತಿನ್ಬೇಕ್ಲಾ?"

"ನಿಂಗೆ ಯಾವಾಗ ಅನುಕೂಲ ಆಯ್ತೈತೆ, ಯೋಳಣ್ಣಾ," ಎಂದು ನಾನು ಗುಂಡಿಯ ಅಂಚಿನಲ್ಲಿ ಕೂತೆ.