ಒಡ್ಡಿಗೆ ಬಂದು ನಿಂತ ಬಸಿಗಾಲುವೆ

ಮೊನ್ನೆ ಇಂಡಿ ಬಸ್ ನಿಲ್ದಾಣದಲ್ಲಿ ಪಕ್ಕ ಕೂತ ಹೆಂಗಸು ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಪುಂಡಿಪಲ್ಯ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟೊಂದು ಎದ್ದು ಕೂತಿತು. ನಮ್ಮ ಬಾಜೂ ಹೊಲದ ಕಾಕಿ ನೆನಪಾದಳು…

ನೋಡಿದ್ದನ್ನು ನೋಡಿದಷ್ಟೇ ಬರೆಯುತ್ತೇನೆ. ನಾನು ನಿಂತಿದ್ದು ನಿಡಗುಂದಿ ಹತ್ತಿರದ ನಮ್ಮೂರಲ್ಲಿ, ಕಾಕಿಯ ಹೊಲಕ್ಕೂ ಮೇಲಿನ ಹೊಲಕ್ಕೂ ನಡುವಿನ ಒಡ್ಡಿನ ಮೇಲೆ. ಅವತ್ತು ಎಳ್ಳಮಾಸಿ, ಹೊಲಕ್ಕೆ ಪೂಜೆ ಮಾಡುವ ಎಳ್ಳು ಅಮಾವಾಸ್ಯೆ. ಬಿಸಿಲು ನೆತ್ತಿಯಿಂದ ಸ್ವಲ್ಪ ವಾಲಿತ್ತು. ಎಡಕ್ಕೆ ಎದೆಮಟ್ಟದ ಹಸಿರು ಜೋಳ. ಬಲಕ್ಕೆ ಕಾಕಿಯ ಎರೆಹೊಲ. ಆದರೆ ಕರಿ ಬಣ್ಣ ಅಲ್ಲಿ ಉಳಿದಿರಲಿಲ್ಲ. ಸುಣ್ಣ ಚೆಲ್ಲಿದ ಹಾಗೆ ಉಪ್ಪು ಕಟ್ಟಿತ್ತು.

ಕಾಲುವೆ ಬಂದ ಮೇಲೆ ಮಿತಿಯಿಲ್ಲದೆ ನೀರು ಬಿಟ್ಟು ಎರಡೂ ಹೊಲ ಉಪ್ಪೆದ್ದು ಸವಳಾಗಿದ್ದವು. ಕೆಟ್ಟ ಭೂಮಿಯನ್ನು ಸರಿಮಾಡಲು ಪರದೇಶಗಳ ದುಡ್ಡಿನ ಯೋಜನೆಯೊಂದು ಬಂತು. ಸವಳು ನೀರು ಬಸಿದುಹೋಗಲು ಆಳದ ಬಸಿಗಾಲುವೆ ತೋಡಬೇಕು, ಅದು ಮೇಲಿನ ಹೊಲದಿಂದ ಹೊರಟು, ಕಾಕಿಯ ಹೊಲ ದಾಟಿ, ಹಳ್ಳ ಸೇರಬೇಕು. ಜೆಸಿಬಿ ತೋಡುತ್ತ ಬಂದು ಕಾಕಿಯ ಒಡ್ಡಿಗೆ ನಿಂತಿತು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಮೇಲಿನ ಹೊಲ ತನ್ನ ಉಪ್ಪನ್ನೆಲ್ಲ ಕಾಕಿಯ ಹೊಲಕ್ಕಿಳಿಸಿ ಹಸಿರಾಯಿತು.

ಎಳ್ಳಮಾಸಿಗೆ ಯೋಜನೆಯ ಪರದೇಶಿ ಅತಿಥಿಗಳು ಬರುತ್ತಾರೆ, ಮೇಲಿನ ಹೊಲದಲ್ಲಿ ಊಟಕ್ಕಿಡಬೇಕು ಎಂದು ಕಚೇರಿಯ ಸಾಹೇಬರು ಹೇಳಿಕಳಿಸಿದರು. ಅಡಿಗೆಗೆ ಊರವರು ಕಾಕಿಯ ಹೆಸರೇ ಹೇಳಿದರು. ಅವಳೂ ಒಪ್ಪಿದಳು. ದುಡ್ಡು ಕೊಟ್ಟವರು ಕಣ್ಣಾರೆ ನೋಡಿದರೆ ಉಳಿದ ಕಾಲುವೆ ತೋಡಿಸಿಯೇ ತೋಡಿಸುತ್ತಾರೆ ಎಂದು ನಂಬಿದ್ದಳು. ಅವತ್ತು ಅನ್ನ, ಕಡಬು, ಪುಂಡಿಪಲ್ಯ ಕಲಸಿ ಹೊಲಕ್ಕೆ ಚರಗ ಎಂದು ಚೆಲ್ಲುವುದು, ಬಂದವರಿಗೆ ಉಣಿಸಿ ಆಮೇಲೆ ತಾನು ಉಣ್ಣುವುದು ನಮ್ಮ ಕಡೆಯ ರೂಢಿ. ಕಾಕಿ ಬುಟ್ಟಿ ಹೊತ್ತು ಮೇಲಿನ ಹೊಲಕ್ಕೆ ಹೋಗಲಿಲ್ಲ. ತನ್ನ ಉಪ್ಪು ನೆಲದಲ್ಲೇ ಕಂಬಳಿ ಹಾಸಿದಳು.

ಅತಿಥಿಗಳನ್ನು ಜೀಪಿನಲ್ಲಿ ಕರೆತಂದ ಸಾಹೇಬರು ಒಡ್ಡಿನ ಮೇಲಿಂದಲೇ ಗದರಿದರು, ಊಟ ಮೇಲೆ ತಾ ಎಂದು.

“ಚರಗ ಮಂದಿ ಹೊಲದಾಗ ಚೆಲ್ಲತಾರೇನ್ರಿ? ನನ್ನ ಹೊಲದಾಗ ನಾ ಚೆಲ್ಲತೇನಿ. ಉಣ್ಣೋರು ಇಳಿದು ಬರ್ಲಿ.”

“ಅಲ್ಲಿ ರಾಡಿ ಐತಿ ಬೇ. ಅವರ ಬೂಟು ಕೆಡತಾವ.”

“ರಾಡಿ ನೀವ ಕಳಿಸಿದ್ದಲ್ರಿ, ಸಾಹೇಬರ?”

ಜೀಪಿನ ಡ್ರೈವರ್ ನಗು ತಡೆಯಲಾರದೆ ಮುಖ ತಿರುಗಿಸಿದ.

ಅತಿಥಿಗಳಲ್ಲಿ ನರೆಗೂದಲಿನ ಒಬ್ಬ ಹೆಂಗಸಿದ್ದಳು. ಕಾಕಿ ಏನನ್ನುತ್ತಿದ್ದಾಳೆ ಎಂದು ಸಾಹೇಬರನ್ನು ಕೇಳಿದಳು. ನಿಮಗೆ ಧನ್ಯವಾದ ಹೇಳುತ್ತಿದ್ದಾಳೆ ಎಂದರು ಸಾಹೇಬರು, ಇಂಗ್ಲಿಷಿನಲ್ಲಿ. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ನಾನು ಗಟ್ಟಿಯಾಗಿ ಹೇಳಿದೆ: ಧನ್ಯವಾದ ಅಲ್ಲ, ತನ್ನ ಹೊಲ ನೋಡಲು ಕರೆಯುತ್ತಿದ್ದಾಳೆ, ನಿಮ್ಮ ಕಾಲುವೆ ಇಲ್ಲೇ ನಿಂತಿದೆ. ಆ ಹೆಂಗಸು ನನ್ನನ್ನು ನೋಡಿದಳು, ಬಿಳಿ ನೆಲ ನೋಡಿದಳು, ಒಡ್ಡಿನ ಕಡೆ ಹೆಜ್ಜೆ ಇಟ್ಟಳು ಕೂಡ. ಸಾಹೇಬರು ಗಡಿಯಾರ ತೋರಿಸಿದರು. ಮುದ್ದೇಬಿಹಾಳದಲ್ಲಿ ಜನ ಕಾಯುತ್ತಿದ್ದಾರಂತೆ. ಇಂಥವರು ಎಲ್ಲ ಊರಲ್ಲೂ ಒಬ್ಬರಿರುತ್ತಾರೆ ಎಂದು ನನ್ನತ್ತ ಕೈಮಾಡಿ ನಕ್ಕರು. ಆಕೆ ನಿಂತಳು. ಕಾಕಿಯ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು, ಯಾರೋ ಕಲಿಸಿಕೊಟ್ಟ ಹಾಗೆ, ಚೆಂದಾಗಿ. ಆಮೇಲೆ ಹಸಿರು ಜೋಳದಲ್ಲಿ ಫೋಟೊ ತೆಗೆಸಿಕೊಂಡು ಎಲ್ಲರೂ ಹೊರಟುಹೋದರು.

ಕಾಕಿ ಉಣ್ಣಲಿಲ್ಲ. ನಾನು ಇಳಿದುಹೋಗಿ ಕೂತೆ. ನನಗೆ ಬಡಿಸಿದಳು. ಆಮೇಲೆ ಎದ್ದು ಹೊಲದ ಸುತ್ತ ಚರಗ ಚೆಲ್ಲುತ್ತ ಹೋದಳು. ಉಪ್ಪಿನ ಮೇಲೆ ಬಿದ್ದ ಅನ್ನ ಕಾಣಿಸುತ್ತಲೇ ಇರಲಿಲ್ಲ…

ಮುಂದೆ ಕಚೇರಿಗೆ ಹೋದಾಗಲೆಲ್ಲ ಒಂದೇ ಉತ್ತರ: ಆ ಕೆಲಸ ಮುಗಿದಿದೆ. ಸುಧಾರಿಸಿದ ಭೂಮಿಯ ಪಟ್ಟಿಯಲ್ಲಿ ಕಾಕಿಯ ಹೊಲವೂ ಸೇರಿತ್ತು. ಕಡೆಗೆ ಕಾಕಿ ಸಿಂದಗಿಯ ತಂಗಿಯ ಮನೆ ಸೇರಿ, ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸುತ್ತ, ಅಲ್ಲೇ ತೀರಿಕೊಂಡಳು. ಅವಳ ಹೊಲದಲ್ಲಿ ಈಗ ಜಾಲಿ ಮಾತ್ರ ಬೆಳೆಯುತ್ತದೆ.

ಭೂಮಿ ಉಳಿಸುತ್ತೇವೆ ಎಂದು ದೇಶದೇಶಗಳು ಕೂತು ಮಾತಾಡಿದ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತದೆ. ಅವರ ಕಾಳಜಿ ನಿಜವೇ ಇರಬಹುದು, ದುಡ್ಡಂತೂ ನಿಜ. ಆದರೆ ಒಂದು ಒಡ್ಡು ಇಳಿದು ನೋಡದವರು ಯಾವ ಭೂಮಿಯನ್ನು ಉಳಿಸುತ್ತಾರೆ? ಸುಳ್ಳು ಹೇಳಿದವನ ಮೇಲಿರುವಷ್ಟೇ ಸಿಟ್ಟು ನನಗೆ ಆ ಜೋಡಿಸಿದ ಕೈಗಳ ಮೇಲೂ ಇದೆ.

ಅವತ್ತು ಇದನ್ನು ಕಂಡವರಲ್ಲಿ ಮೇಲಿನ ಹೊಲದವನು ಇನ್ನೂ ಇದ್ದಾನೆ. ಕೇಳಿದರೆ ಎದ್ದು ಒಳಗೆ ಹೋಗುತ್ತಾನೆ. ಜೀಪಿನ ಡ್ರೈವರ್ ಚಡಚಣದಲ್ಲಿ ದ್ರಾಕ್ಷಿ ಗಾಡಿ ಓಡಿಸುತ್ತಾನೆ. ಕೇಳಿದರೆ ಹೌದು ಅನ್ನುತ್ತಾನೆ. ನರೆಗೂದಲಿನ ಆ ಹೆಂಗಸೂ ಎಲ್ಲೋ ಬದುಕಿರಬಹುದು. ಮತ್ತೆ ನಾನು.