ಸಿಳ್ಳಾರದ ಹೊಸ ಗೋತ್ರ

ಅಗಸೂರಿನಲ್ಲಿ ನನ್ನ ಅಕ್ಕನ ಮನೆಯ ಹಿಂದಿನ ಹಳ್ಳದಲ್ಲಿ ಮಳೆಗಾಲಕ್ಕೆ ಮುಂಚೆ ಸಿಳ್ಳಾರ ಹಕ್ಕಿ ಕೂಗಲು ಶುರುಮಾಡುತ್ತದೆ. ಕೂಗುವುದೆಂದರೆ, ಕೆಲಸವಿಲ್ಲದ ಹುಡುಗನೊಬ್ಬ ರಾಗ ಮರೆತು ಸೀಟಿ ಹೊಡೆದ ಹಾಗೆ. ಸದಾಶಿವಗಡದಿಂದ ಗಂಡಿನ ಕಡೆಯವರು ಅಕ್ಕನ ಮಗಳ ಮದುವೆ ಮಾತಿಗೆ ಬಂದ ಸಂಜೆಯೂ ಅದು ಕರ್ತವ್ಯಲೋಪ ಮಾಡಲಿಲ್ಲ.

ಗಂಡಿನ ಅಜ್ಜಿ ಅವಲಕ್ಕಿ ತಟ್ಟೆ ಕೆಳಗಿಟ್ಟರು. "ಹೆಣ್ಣಿನ ಮನೆ ಹಿಂದೆ ಅದ್ಯಾರು ಸೀಟಿ ಹೊಡೀತಿರೂದು?"

"ಹಕ್ಕಿ, ಅಜ್ಜಿ" ಎಂದಳು ಅಕ್ಕನ ಮಗಳು.

"ಹಕ್ಕಿ ಅಂತೇ ಎಲ್ಲರೂ ಹೇಳೂದು."

ಅಕ್ಕನ ಮುಖ ಬಿಳುಚಿತು. ಅವಳಿಗೆ ಮೊದಲೇ ಬೇರೆ ಚಿಂತೆಯಿತ್ತು. ಗಂಡಿನ ಮನೆಯಲ್ಲಿ ಮದುಮಗಳಿಗೆ ಹೊಸ ಹೆಸರಿಡುವ ಪದ್ಧತಿ; ತಟ್ಟೆಯ ಅಕ್ಕಿಯ ಮೇಲೆ ಮದುಮಗ ಉಂಗುರದಿಂದ ಅದನ್ನು ಬರೆಯಬೇಕು. ಮಗಳೋ, ಹೆಸರು ಬಿಡುವುದಾದರೆ ಮದುವೆಯೇ ಬೇಡ ಎಂದು ಹಿಂದಿನ ದಿನ ಖಡಾಖಂಡಿತವಾಗಿ ಹೇಳಿದ್ದಳು.

ಕಾರವಾರದಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದ ನನ್ನ ಮೇಲೆ ಸಾಕ್ಷಿ ಹೇಳುವ ಭಾರ ಬಿತ್ತು. ಗಂಟಲು ಸರಿಮಾಡಿಕೊಂಡೆ. ಈ ಪಕ್ಷಿ ಮೊದಲು ಥ್ರಷ್ ಎಂಬ ಹಾಡುಹಕ್ಕಿಗಳ ಕುಟುಂಬದಲ್ಲಿತ್ತು, ಈಚೆಗೆ ಪಂಡಿತರು ರಕ್ತಸಂಬಂಧ ಶೋಧಿಸಿ ಅದನ್ನು ನೊಣಹಿಡುಕಗಳ ಕುಟುಂಬಕ್ಕೆ ಸೇರಿಸಿದ್ದಾರೆ, ಹಕ್ಕಿಯ ಒಪ್ಪಿಗೆ ಕೇಳಿದಂತಿಲ್ಲ ಎಂದು ವಿವರಿಸಿದೆ. ಸೀಟಿಯ ಆರೋಪಕ್ಕೆ ಇದರಿಂದ ಏನು ಪರಿಹಾರವೆಂದು ನಾನೂ ಯೋಚಿಸಿರಲಿಲ್ಲ.

ಅಜ್ಜಿ ಮಾತ್ರ ಗಮನವಿಟ್ಟು ಕೇಳಿದರು. "ಅಂದ್ರೆ ಗೋತ್ರ ಬದಲಾಯ್ತು. ಹೊಸ ಹೆಸರೆಂತ ಇಟ್ರು?"

"ಇಟ್ಟಿಲ್ಲ. ಇಂಗ್ಲಿಷಿನವರು ಇವತ್ತಿಗೂ ಅದನ್ನು ಹಳೇ ಕುಟುಂಬದ ಹೆಸರು ಹಿಡಿದು ವಿಸ್ಲಿಂಗ್ ಥ್ರಷ್ ಅಂತಲೇ ಕರೆಯುತ್ತಾರೆ."

"ಕೇಳಿದ್ರಾ ಅಜ್ಜಿ?" ಅಕ್ಕನ ಮಗಳು ಕಾಯುತ್ತಿದ್ದವಳಂತೆ ಎದ್ದಳು. "ಮನೆ ಬದಲಾದ್ರೂ ಹೆಸರು ಅದೇ. ನಂಗೂ ಹಂಗೇ ಆಗ್ಬೇಕು."

ಅಕ್ಕ ಅವಳ ಸೆರಗು ಜಗ್ಗಿದಳು. ಮದುಮಗನಾಗಬೇಕಾದವನು ಕೈಯಲ್ಲಿದ್ದ ಚಕ್ಕುಲಿಯ ಸುತ್ತುಗಳನ್ನು ಅಧ್ಯಯನ ಮಾಡತೊಡಗಿದ.

"ತವರಲ್ಲಿ ನಂಗಿಟ್ಟ ಹೆಸರು ಗೊತ್ತಿದ್ದವರು ಈಗ ಯಾರೂ ಇಲ್ಲ" ಎಂದರು ಅಜ್ಜಿ, ಯಾರನ್ನೂ ನೋಡದೆ. ಹಳ್ಳದಲ್ಲಿ ಮತ್ತೆ ಸೀಟಿ ಕೇಳಿತು. "ಅಕ್ಕಿ ಮೇಲೆ ಬರೆಯೂದು ಬಿಡೂಕಾಗೂದಿಲ್ಲ, ಪದ್ಧತಿ. ಎಂತ ಬರೀಬೇಕು ಅಂತ ಯಾವ ಶಾಸ್ತ್ರದಲ್ಲೂ ಹೇಳಿಲ್ಲ."

ತುಳಸಿ ಮದುವೆ ಕಳೆದು ಇವರ ಮದುವೆಯಾಯಿತು. ಮದುಮಗ ಉಂಗುರ ಹಿಡಿದು ಅಕ್ಕಿಯ ಮೇಲೆ ಅವಳ ಹುಟ್ಟುಹೆಸರನ್ನೇ ಬರೆದ. ಅಜ್ಜಿ ಬಗ್ಗಿ ಓದಿ, ನೆರೆದವರತ್ತ ತಿರುಗಿ, ಅದೇ ಮೊದಲ ಬಾರಿ ಕೇಳಿದವರಂತೆ, "ಹೊಸ ಹೆಸರು ಚಂದ ಉಂಟು" ಎಂದು ಘೋಷಿಸಿ ಎಲ್ಲರಿಗೂ ಸಕ್ಕರೆ ಹಂಚಿಸಿದರು.