ಅಕ್ಕಿ ಬರುವ ಮೊದಲೇ ಎಸರು

ನನಗೆ ನನ್ನ ತಂಗಿಯನ್ನು ಕಂಡರೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳೋದು ನನಗೆ ಬರೋದಿಲ್ಲ. ಅವಳ ಹತ್ತಿರ ಅಂಥಾದ್ದೇನಿದೆ ಅಂತ ಕೇಳಿದರೆ, ಏನೂ ಇಲ್ಲ ನೋಡಿ, ಅದೇ ನನ್ನ ಸಂಕಟ. ಸೊರಬದಲ್ಲಿ ಬಸ್ ಸ್ಟ್ಯಾಂಡ್ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಗಂಡನದ್ದೊಂದು ಲಗೇಜ್ ಆಟೊ. ಬಾಡಿಗೆ ಸಿಕ್ಕಿದ ದಿನ ಸಿಕ್ಕಿತು, ಇಲ್ಲದ ದಿನ ಇಲ್ಲ. ಆದರೂ ಮಹಾರಾಯ್ತಿಗೆ ತಲೆ ದಿಂಬಿಗೆ ತಾಗಿದರೆ ಸಾಕು, ಗೊರಕೆ. ನಾನು ಶಿಕಾರಿಪುರದಲ್ಲಿ ಸ್ವಂತ ಮನೆಯಲ್ಲಿ, ಡಬ್ಬಿಗಳನ್ನೆಲ್ಲಾ ತುಂಬಿಟ್ಟುಕೊಂಡು, ನಾಳೆ ಏನೋ ಎಂತೋ ಅಂತ ಸೂರು ನೋಡ್ತಾ ಬಿದ್ದಿರ್ತೀನಿ.

"ಯೇಸಪ್ಪ ನೋಡ್ಕೋತಾನೆ ಬಿಡಕ್ಕಾ" ಅನ್ನೋದು ಅವಳ ಮಾತು. ಗುಬ್ಬಿಗೇನು ಕಣಜ ಇದೆಯಾ ಅಂತ ನನ್ನನ್ನೇ ಕೇಳ್ತಾಳೆ. ಗುಬ್ಬಿಗೆ ಶುಗರ್ ಮಾತ್ರೆ ಬೇಡ ಕಣೇ, ಗ್ಯಾಸ್ ಬುಕ್ ಮಾಡೋ ತಲೆನೋವೂ ಇಲ್ಲ ಅಂದರೆ, ನಗ್ತಾಳೆ. ಅವಳಿಗೆ ಸಿಟ್ಟು ಬರಿಸೋದಕ್ಕೂ ಆಗಲ್ಲ. ಒಂದೇ ಸಭೆಯಲ್ಲಿ ಬೆಳೆದವರು ನಾವು, ಒಂದೇ ಬೈಬಲ್ ಓದಿದವರು. ಆದರೆ ದೇವರು ಅವಳಿಗೆ ಸೋದರಮಾವನ ಹಾಗೆ, ನನಗೆ ಆಫೀಸಿನ ಸಾಹೇಬರ ಹಾಗೆ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆಗೇ ಇದ್ದಳು. "ಸ್ವಲ್ಪ ದಿನ ಚಿಕ್ಕವಳ ಮನೇಲಿ ಇದ್ದು ಬರ್ತೀನಿ" ಅಂತ ಹೋದವಳು, ಮಳೆಗಾಲ ಮುಗಿದರೂ ವಾಪಸ್ ಬರಲಿಲ್ಲ. ಫೋನ್ ಮಾಡಿದರೆ, ಇಲ್ಲಿ ಚೆನ್ನಾಗಿದೆ ಕಣೇ ಅನ್ನೋದು. ಅಲ್ರೀ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟವಳು ನಾನು. ಸ್ನಾನಕ್ಕೆ ಗೀಸರ್ ಹಾಕಿಸಿದವಳು ನಾನು. ಚೆನ್ನಾಗಿರೋದು ಅಲ್ಲಿಯಂತೆ!

ಹೋಗಿ ಕರ್ಕೊಂಡೇ ಬರೋದು ಅಂತ ಒಂದು ಶನಿವಾರ ಹೊರಟೆ. ಏರ್ ಬ್ಯಾಗಿನ ತುಂಬ ಅಕ್ಕಿ, ಬೇಳೆ, ತೆಂಗಿನಕಾಯಿ. ಪ್ರೀತಿಯಿಂದ ತುಂಬಿದ್ದಲ್ಲ. ಅದನ್ನೆಲ್ಲ ಅಮ್ಮನ ಎದುರಿಗೇ ತಂಗಿಯ ಅಡುಗೆಮನೆಯಲ್ಲಿ ಸುರಿದು, ಮನೆ ಅಂದರೆ ಇಷ್ಟಾದರೂ ಇರಬೇಕಮ್ಮಾ ಅಂತ ಹೇಳೋದು. ಖಾಲಿಯಾದ ಬ್ಯಾಗಿಗೆ ಅಮ್ಮನ ಸೀರೆ ತುಂಬಿ ಅವಳನ್ನು ಎಬ್ಬಿಸಿಕೊಂಡು ಬರೋದು ಅಂತ ನನ್ನ ಲೆಕ್ಕ. ಶಿರಾಳಕೊಪ್ಪದಲ್ಲಿ ಜನ ನುಗ್ಗಿ ಬಸ್ಸು ಗಿಜಿಗುಟ್ಟುವಾಗಲೂ ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ಆ ಮಾತನ್ನೇ ಮನಸ್ಸಿನಲ್ಲಿ ತಿದ್ದುತ್ತಾ ಕೂತಿದ್ದೆ.

ಹೋಗೋವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಒಲೆ ಮೇಲೆ ಅನ್ನಕ್ಕೆ ಎಸರಿಟ್ಟಿದ್ದಳು, ನೀರು ಕೊತಕೊತ ಕುದೀತಿತ್ತು. ಪಕ್ಕದಲ್ಲಿದ್ದ ಅಕ್ಕಿ ಡಬ್ಬಿ ತೆಗೆದು ನೋಡಿದೆ. ಒಂದು ಕಾಳಿಲ್ಲ! ಹಿಂದಿನ ದಿನ ಮನೆಯಲ್ಲಿ ಪ್ರಾರ್ಥನೆ ಕೂಟ ಇತ್ತಂತೆ, ಬಂದವರನ್ನೆಲ್ಲಾ ಊಟಕ್ಕೆ ಕೂರಿಸಿದಳಂತೆ.

"ಅಕ್ಕಿ ಇಲ್ಲದೆ ಎಸರು ಯಾಕಿಟ್ಟೆಯೇ? ತಲೆ ಸರಿ ಇದೆಯಾ?"

"ಅಕ್ಕಿ ಬಂದ ಮೇಲೆ ಇಟ್ಟರೆ ಲೇಟಾಗತ್ತಲ್ಲಕ್ಕಾ. ಅಮ್ಮ ಮಾತ್ರೆ ತಗೋಬೇಕು" ಅಂದಳು. ಆಮೇಲೆ ನನ್ನ ಬ್ಯಾಗ್ ಕಡೆ ನೋಡಿದಳು. ಜಿಪ್ ಎಳೆದಳು. "ಸ್ತೋತ್ರ ಸ್ವಾಮಿ! ಅಮ್ಮಾ, ಬಂತು ನೋಡು" ಅಂತ ಕೂಗಿ, ನನ್ನ ಅಕ್ಕಿಯನ್ನು ತೊಳೆದು ಎಸರಿಗೆ ಹಾಕಿಯೇಬಿಟ್ಟಳು.

ಮೈಯೆಲ್ಲಾ ಉರಿದುಹೋಯಿತು. ಶಿಕಾರಿಪುರದಿಂದ ಹೊತ್ತು ತಂದವಳು ನಾನು, ಸ್ತೋತ್ರ ಸ್ವಾಮಿಗೆ! ಇವಳ ಮುಖಕ್ಕೆ ಹೊಡೆದ ಹಾಗೆ ಮಾಡಬೇಕು ಅಂತ ಬಂದ ನನ್ನನ್ನೇ ಆ ದೇವರು ಅಕ್ಕಿ ಹೊರೋದಕ್ಕೆ ಹಚ್ಚಿದನಲ್ಲ. ಒಂದು ಮಾತು ನನ್ನನ್ನು ಕೇಳಬಾರದಿತ್ತಾ?

ಬೇಳೆ ಕಾಯಿ ಎಲ್ಲ ಕಟ್ಟೆ ಮೇಲೆ ಕುಕ್ಕಿ, ಕೋಣೆಗೆ ಹೋಗಿ, ಹಗ್ಗದ ಮೇಲಿದ್ದ ಅಮ್ಮನ ಸೀರೆಗಳನ್ನು ಎಳೆದೆಳೆದು ಬ್ಯಾಗಿಗೆ ತುರುಕಿದೆ. ಅಮ್ಮ ಮಂಚದ ಮೇಲೆ ಕೂತು ನೋಡ್ತಿದ್ದಳು.

"ಏಳು, ಹೋಗೋಣ."

"ಊಟ ಆಗ್ಲಿ ಇರೇ."

"ನನ್ನ ಮನೇಲಿ ನಿನಗೇನು ಕಡಿಮೆ ಮಾಡಿದ್ದೆ ಹೇಳು" ಅಂದೆ. ಜಗಳಕ್ಕೆ ಅಂತ ಎತ್ತಿದ ದನಿ ಅರ್ಧಕ್ಕೇ ಒಡೆದುಹೋಯಿತು. "ಯಾವಾಗಲೂ ಇವಳೇ ಯಾಕೆ ನಿನಗೆ?"

"ಕಡಿಮೆ ಏನಿಲ್ಲ. ಅದೇ ಕಷ್ಟ ಆಗಿದ್ದು ಕಣೇ" ಅಂದಳು ಅಮ್ಮ. "ದೇವರ ಹತ್ರ ಕೇಳೋದಕ್ಕೆ ನನಗೆ ಅಲ್ಲಿ ಏನೂ ಉಳೀತಿರಲಿಲ್ಲ. ಎಲ್ಲಾ ನೀನೇ ಯೋಚನೆ ಮಾಡಿ ಮುಗಿಸಿಬಿಡ್ತಿದ್ದೆ. ನಿನ್ನ ಮುಖ ನೋಡ್ತಾ ನೋಡ್ತಾ ನನಗೆ ಅನ್ನ ಇಳೀತಿರಲಿಲ್ಲ. ಇಲ್ಲಿ ಎದ್ದ ತಕ್ಷಣ ಇವಳು, ಅಮ್ಮಾ ಇವತ್ತು ಇಂಥಾದ್ದಿಲ್ಲ, ಬಾ ಕೇಳೋಣ ಅಂತಾಳೆ. ಇಬ್ಬರೂ ಮೊಣಕಾಲೂರ್ತೀವಿ."

"ಇವತ್ತೂ ಇಬ್ಬರೂ ಸೇರ್ಕೊಂಡು ಅಕ್ಕಿ ಕೇಳಿದ್ರಿ, ಅಲ್ವಾ?"

"ಅಕ್ಕಿ ಕೇಳಿದ್ದು ಅವಳು. ನಾನು ನಿನ್ನನ್ನ ಕೇಳಿದೆ. ದೊಡ್ಡವಳು ಒಂದ್ಸಲ ಬರ್ಲಪ್ಪಾ ಅಂತ. ಇಲ್ಲಿಗೆ ಬಂದಾಗಿನಿಂದ ದಿನಾ ಅದನ್ನೇ ಕೇಳೋದು."

ಸೆರಗಲ್ಲಿ ಮೂಗು ಒರೆಸಿಕೊಂಡೆ. ಬ್ಯಾಗಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು, ಕೊಡವಿ, ಮತ್ತೆ ಹಗ್ಗದ ಮೇಲೆ ಹಾಕಿದೆ. ಅಷ್ಟರಲ್ಲಿ ಒಳಗಿನಿಂದ ತಂಗಿ ತಟ್ಟೆ ಹಾಕಿದೀನಿ ಬನ್ನಿ ಅಂದಳು.

"ನನಗೆ ಜಾಸ್ತಿ ಹಾಕು" ಅಂತ ಕೂಗಿದೆ. "ಅದು ನನ್ನ ಅಕ್ಕಿ."